ಸಂಜೆಯ ಮರ

ಕೊಳದ ಬಕ ಹಗಲೆಲ್ಲ ಒಂಟಿ. ಬೆಳಗಾವಿಯ ಕೋಟೆಯ ಬಳಿಯ ಕಿಲ್ಲಾ ಕೆರೆಯಲ್ಲಿ, ಜೊಂಡು ತೆಳುವಾಗಿ ನೀರು ಗೇಣುದ್ದಕ್ಕೆ ಇಳಿದ ಅಂಚಿನಲ್ಲಿ, ಅರ್ಧ ಮುಳುಗಿದ ಕಲ್ಲಿನ ಮೇಲೆ ಅದು ನಿಂತಿರುತ್ತದೆ. ನಿಂತಾಗ ಅದಕ್ಕೆ ತನ್ನದೆನ್ನುವ ಬಣ್ಣವೇ ಇಲ್ಲ. ಬೆನ್ನು ಒಣಕೆಸರಿನ ಕಂದು, ಕುತ್ತಿಗೆಯ ಮಾಸಲು ಹಳದಿಯ ಮೇಲೆ ಕಡುಗಂದಿನ ಗೀರುಗಳು, ಕಾಲು ಹಸಿರು ಬೆರೆತ ಮಣ್ಣುಹಳದಿ. ಕೊಕ್ಕಿನ ತುದಿಯ ಕಪ್ಪು ಮತ್ತು ಕಣ್ಣಿನ ನಿಂಬೆಹಳದಿ ಇವೆರಡು ಇಲ್ಲದಿದ್ದರೆ ಕಲ್ಲು ಎಲ್ಲಿ ಮುಗಿಯಿತು, ಹಕ್ಕಿ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ವೈಶಾಖದ ಹೊತ್ತಿಗೆ ಬೆನ್ನಿಗೆ ಕಡುಗೆಂಪು ಬರುತ್ತದೆ, ನೆತ್ತಿಯಿಂದ ಎರಡು ಮೂರು ಬಿಳಿಯ ಎಳೆಗರಿಗಳು ಬೆನ್ನಿನವರೆಗೆ ಇಳಿಯುತ್ತವೆ. ಉಳಿದ ತಿಂಗಳುಗಳಲ್ಲಿ ಅದು ದಂಡೆಯ ಒಂದು ಭಾಗ.

ಬಹಳ ಹೊತ್ತು ಏನೂ ನಡೆಯುವುದಿಲ್ಲ. ಆಮೇಲೆ ಕುತ್ತಿಗೆ ಎಡಕ್ಕೆ ಒಂದು ಬೆರಳಿನಷ್ಟು ವಾಲುತ್ತದೆ, ತಡೆಯುತ್ತದೆ, ಬಲಕ್ಕೆ ವಾಲುತ್ತದೆ. ಕುತ್ತಿಗೆ ಹೀಗೆ ತೂಗುತ್ತಿದ್ದರೂ ತಲೆ ಇದ್ದಲ್ಲೇ ಇರುತ್ತದೆ, ಕಣ್ಣು ನೀರಿನೊಳಗಿನ ಒಂದೇ ಬಿಂದುವನ್ನು ಬಿಡುವುದಿಲ್ಲ. ಹಿಂದಿನ ರಸ್ತೆಯಲ್ಲಿ ಬಸ್ಸುಗಳು ಬಸ್‌ಸ್ಟ್ಯಾಂಡಿನತ್ತ ತಿರುಗುತ್ತಿರುತ್ತವೆ. 2018ರಲ್ಲಿ ದಂಡೆಯ ಮೇಲೆ ನಿಲ್ಲಿಸಿದ 110 ಮೀಟರಿನ ಧ್ವಜಸ್ತಂಭದ ಸುತ್ತ ಹದ್ದುಗಳು ಬಿಸಿಗಾಳಿ ಹಿಡಿದು ಏರುತ್ತಿರುತ್ತವೆ. ಬಕಕ್ಕೆ ಅದಾವುದೂ ತಟ್ಟದು. ಕೊನೆಗೆ ಕಾಲು ಎಷ್ಟು ನಿಧಾನವಾಗಿ ಏಳುತ್ತದೆಂದರೆ ಎದ್ದದ್ದು ಗೊತ್ತಾಗುವುದು ಪಾದದಿಂದ ಹನಿ ಬಿದ್ದಾಗಲೇ. ಇರಿತ ಮಾತ್ರ ಕಣ್ಣಿಗೆ ಸಿಗುವುದಿಲ್ಲ, ಕೊಕ್ಕಿನಲ್ಲಿ ಅಡ್ಡಲಾಗಿ ಮಿನುಗುವ ಮೀನು ಮಾತ್ರ ಸಿಗುತ್ತದೆ.

ಇದೇ ಹಕ್ಕಿ ಕತ್ತಲಾಗುವ ಮುಂಚೆ ಗುಂಪಿಗೆ ಬರುತ್ತದೆ ಎಂಬುದನ್ನು ಗಮನಿಸಲು ನನಗೆ ಹಲವು ವರ್ಷ ಬೇಕಾದವು. ಸಂಜೆಯ ಹೊತ್ತಿನಲ್ಲಿ ನಾನು ಕೆರೆಯ ಕಡೆ ಹೋಗುತ್ತಿರಲಿಲ್ಲ, ಅದು ನಾನು ಕಣ್ಣುಮುಚ್ಚಿ ಕೂರುವ ಹೊತ್ತು.

ದಂಡೆಯ ಮಳೆಮರಕ್ಕೆ ಮೊದಲು ಬರುವವು ಗೋವಕ್ಕಿಗಳು, ಸಾಲುಸಾಲಾಗಿ. ಬಳಿಕ ಬೆಳ್ಳಕ್ಕಿಗಳು. ಕೊಳದ ಬಕಗಳು ಸಾಲು ಕಟ್ಟುವುದಿಲ್ಲ; ಒಂದು ಗದ್ದೆಗಳ ಕಡೆಯಿಂದ, ಒಂದು ಕಂದಕದ ಮೇಲಿನಿಂದ, ಒಂದು ನಾಲೆಯ ಗುಂಟ, ಬೇರೆ ಬೇರೆಯಾಗಿಯೇ ಬರುತ್ತವೆ. ಕೆಸರುಗಂದಿನ ಹಕ್ಕಿ ರೆಕ್ಕೆ ಬಿಚ್ಚಿದರೆ ಪೂರ್ತಿ ಬಿಳಿ. ಮರದ ಮೇಲೆ ಒಂದು ಸುತ್ತು ಹಾಕಿ, ಕಾಲು ಇಳಿಬಿಟ್ಟು, ತೆಳುವಾದ ಕೊಂಬೆಯ ತುದಿಯಲ್ಲಿ ಇಳಿದು ತೂಗಾಡುತ್ತದೆ. ಮೊದಲೇ ಕುಳಿತಿದ್ದ ಹಕ್ಕಿ ನೆತ್ತಿಯ ಗರಿ ನಿಮಿರಿಸಿ ಕುತ್ತಿಗೆ ಚಾಚುತ್ತದೆ, ಕೊಕ್ಕು ಅರೆ ತೆರೆದು ಗಂಟಲಲ್ಲಿ ಒರಟಾಗಿ ಕ್ವಾಕ್ ಎನ್ನುತ್ತದೆ. ಬಂದದ್ದು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮತ್ತೆ ಕ್ವಾಕ್, ಮತ್ತೆ ಅರ್ಧ ಹೆಜ್ಜೆ. ನಡುವಿನ ಅಂತರ ಇಬ್ಬರಿಗೂ ಒಪ್ಪಿಗೆಯಾದ ಮೇಲೆ ಗರಿಗಳು ಇಳಿಯುತ್ತವೆ. ಒಂದು ಕೊಂಬೆಯ ಜಗಳ ಅಡಗುವಾಗ ಇನ್ನೊಂದರದು ಏಳುತ್ತದೆ. ಕುತ್ತಿಗೆ ಭುಜಗಳ ನಡುವೆ ಇಳಿಯುತ್ತದೆ, ಕೊಕ್ಕು ಎದೆಯತ್ತ ಬಾಗುತ್ತದೆ, ಒಂದು ಕಾಲು ಹೊಟ್ಟೆಯ ಗರಿಯೊಳಗೆ ಸೇರುತ್ತದೆ. ಮರ ಒಮ್ಮೆಲೇ ಸುಮ್ಮನಾಗುವುದಿಲ್ಲ, ಕೊಂಬೆ ಕೊಂಬೆಯಾಗಿ ಸುಮ್ಮನಾಗುತ್ತದೆ.

ಒಂಟಿಯಾಗಿ ಮೇಯುವ ಹಕ್ಕಿಗಳು ರಾತ್ರಿ ಯಾಕೆ ಒಟ್ಟಾಗುತ್ತವೆ? ಹಲವು ಕಣ್ಣಿದ್ದರೆ ಕಾವಲು ಸುಲಭ ಎನ್ನುವುದು ಹಳೆಯ ವಿವರಣೆ. 1973ರಲ್ಲಿ ಪೀಟರ್ ವಾರ್ಡ್ ಮತ್ತು ಅಮೋಟ್ಸ್ ಝಹಾವಿ ಇನ್ನೊಂದನ್ನು ಮುಂದಿಟ್ಟರು: ತಂಗುವ ಮರ ಸುದ್ದಿ ಸಿಗುವ ಜಾಗವೂ ಹೌದು, ಹಿಂದಿನ ದಿನ ಬರಿಹೊಟ್ಟೆಯಲ್ಲಿ ಬಂದ ಹಕ್ಕಿ ಮರುಬೆಳಗ್ಗೆ ಹೊಟ್ಟೆ ತುಂಬಿದ್ದ ಹಕ್ಕಿಯ ಹಿಂದೆ ಹೋಗುತ್ತದೆ. ವಿಜ್ಞಾನಿಗಳು ಇದರ ಬಗ್ಗೆ ಇನ್ನೂ ವಾದಿಸುತ್ತಾರೆ. ನನಗೆ ಆ ವಾದಕ್ಕಿಂತ ಆ ಅರ್ಧ ಹೆಜ್ಜೆ ಹೆಚ್ಚು ಹೇಳುತ್ತದೆ. ಹತ್ತಿರ ಬೇಕು, ಆದರೆ ಇಷ್ಟೇ ಹತ್ತಿರ.

ನಾನು ಕಣ್ಣುಮುಚ್ಚಿ ಕೂರುವುದನ್ನು ಕಲಿತದ್ದು ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ. ಬರ್ಮಾದಿಂದ ಬಂದ ಆ ಪದ್ಧತಿಗೆ 1976ರಲ್ಲಿ ಇಗತಪುರಿಯಲ್ಲಿ ನೆಲೆ ಸಿಕ್ಕಿತು. ಸೂಚನೆಗಳೆಲ್ಲ ಧ್ವನಿಮುದ್ರಣದಿಂದ ಬರುತ್ತವೆ, ಕನ್ನಡದಲ್ಲೂ ಸಿಗುತ್ತವೆ. ಮೊದಲ ಮೂರು ದಿನ ಕೆಲಸ ಒಂದೇ. ಮೂಗಿನ ಹೊಳ್ಳೆಗಳ ಕೆಳಗೆ, ಮೇಲ್ದುಟಿಯ ಮೇಲೆ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಉಸಿರು ಬರುವುದನ್ನೂ ಹೋಗುವುದನ್ನೂ ನೋಡುವುದು. ಒಳಗೆ ಬರುವಾಗ ಸಣ್ಣಗೆ ತಂಪು, ಹೊರಗೆ ಹೋಗುವಾಗ ಅದಕ್ಕಿಂತ ಅಗಲವಾದ, ತೇವವಾದ ಬಿಸುಪು. ಒಂದೊಂದು ಸಲ ಉಸಿರು ಬಲಹೊಳ್ಳೆಯಲ್ಲಷ್ಟೇ ಓಡಾಡುತ್ತದೆ. ಹಕ್ಕಿ ನೋಡುವವರಿಗೆ ಈ ಕೆಲಸ ಹೊಸದೆನಿಸುವುದಿಲ್ಲ.

ಶಿಬಿರ ಮುಗಿಸಿ ಹೊರಡುವಾಗ ಎರಡು ಮಾತು ಹೇಳಿ ಕಳಿಸುತ್ತಾರೆ: ದಿನಕ್ಕೆರಡು ಹೊತ್ತು ಒಬ್ಬರೇ ಕೂರಿ, ವಾರಕ್ಕೊಮ್ಮೆ ಎಲ್ಲರ ಜೊತೆ ಕೂರಿ. ಮೊದಲನೆಯದು ನನ್ನ ಕೈಯಲ್ಲಿತ್ತು. ಕ್ಯಾಂಪಿನ ಕಡೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಬ್ಯೂಗಲ್ ಕೇಳುವ ಮೊದಲೇ ಎದ್ದು ಕೂರುತ್ತಿದ್ದೆ. ಅಂಗಳದ ಮಡಿವಾಳ ಹಕ್ಕಿ ಕತ್ತಲಲ್ಲೇ ಶುರುಮಾಡುತ್ತಿತ್ತು, ಅದು ನಿಲ್ಲಿಸಿದಾಗ ಕಾಗೆಗಳದು. ವರ್ಷಗಳು ಹಾಗೆ ಹೋದವು. ಶಾಂತಿಯಿತ್ತು. ಬರಬರುತ್ತ ಆ ಶಾಂತಿಗೆ ಒಂದು ತರಹದ ಮಬ್ಬು ಹತ್ತಿತು. ಉಸಿರು ಎಲ್ಲಿ ಉದ್ದವಾಗುತ್ತದೆ, ಮನಸ್ಸು ಎಲ್ಲಿ ಜಾರುತ್ತದೆ, ಎಲ್ಲ ಗೊತ್ತಿರುವಂತೆ ಕುಳಿತಿರುತ್ತಿದ್ದೆ. ಗೊತ್ತಿದೆ ಎನಿಸಿದ ಹಕ್ಕಿಯನ್ನು ಕಣ್ಣು ನೋಡುವುದನ್ನು ಬಿಡುತ್ತದೆ. ಇದು ಸಮಾಧಿಯೋ ತೂಕಡಿಕೆಯೋ ಎಂದು ಕೇಳಲು ಮಗ್ಗುಲಲ್ಲಿ ಯಾರೂ ಇರಲಿಲ್ಲ.

ಈ ನೆಲದಲ್ಲಿ ಮಗ್ಗುಲಲ್ಲಿ ಯಾರೂ ಇಲ್ಲದಿರುವುದಕ್ಕೆ ಉದ್ದನೆಯ ಹಿನ್ನೆಲೆಯಿದೆ. ಗದಗದ ಹತ್ತಿರದ ಡಂಬಳದಲ್ಲಿ 1095ರಲ್ಲೂ ಬೌದ್ಧ ವಿಹಾರವಿತ್ತು, ತಾರಾದೇವಿಗೆ ದೀಪ ಉರಿಯುತ್ತಿತ್ತು. ಅಲ್ಲಿನ ಶಾಸನ ಹದಿನಾರು ಸೆಟ್ಟಿಗಳನ್ನು ನೆನೆಯುತ್ತದೆ. ಬಳ್ಳಿಗಾವಿಯಲ್ಲೂ ವಿಹಾರವಿತ್ತು. ಬರಬರುತ್ತ ಶಾಸನಗಳಲ್ಲಿ ಆ ಮಾತು ಕಡಿಮೆಯಾಗುತ್ತದೆ. ಕಿಲ್ಲಾ ಕೆರೆಯ ಕೋಟೆಯೊಳಗೆ ರಟ್ಟರ ಕಾಲದ, 1204ರ ಕಮಲ ಬಸದಿಯಿದೆ, ಬಾಗಿಲಲ್ಲಿ ದುರ್ಗೆಯಿದ್ದಾಳೆ, ಸಫಾ ಮಸೀದಿಯಿದೆ, 1892ರಲ್ಲಿ ಸ್ವಾಮಿ ವಿವೇಕಾನಂದರು ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ತಂಗಿದ್ದರ ನೆನಪಿಗೆ ಆಶ್ರಮವಿದೆ. ಬಸದಿಯ ಚಾವಣಿಯಿಂದ ಕೆಳಮುಖವಾಗಿ ಅರಳಿದ ಕಲ್ಲಿನ ಕಮಲದಡಿ ನೇಮಿನಾಥರ ಮುಂದೆ ನಾನು ಎಷ್ಟೋ ಸಲ ಕುಳಿತಿದ್ದೇನೆ. ಆ ಮೌನ ದೊಡ್ಡದು, ಅದರಲ್ಲಿ ನಾನು ಅತಿಥಿ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ದೀಕ್ಷೆ ತೆಗೆದುಕೊಂಡ ಮೇಲೆ ಬುದ್ಧ ಈ ಗಡಿಜಿಲ್ಲೆಯ ಮನೆಗಳಿಗೆ ಮರಳಿದ. ಬೆಳಗಾವಿಯಲ್ಲಿ ನಾನು ಹೋಗುವ ವಿಹಾರದಲ್ಲಿ ಹುಣ್ಣಿಮೆಗೆ ಬಿಳಿ ಸೀರೆಯ ಹೆಂಗಸರು ಪಾಲಿಯಲ್ಲಿ ತ್ರಿಶರಣ, ಪಂಚಶೀಲ ಹೇಳುತ್ತಾರೆ, ಮಾತು ಮರಾಠಿಗೂ ಕನ್ನಡಕ್ಕೂ ಸಲೀಸಾಗಿ ಹೊರಳುತ್ತದೆ. ಅವರ ಬುದ್ಧ ಎದ್ದು ನಿಲ್ಲಲು ಬಲ ಕೊಟ್ಟ ಬುದ್ಧ. ಆ ಸಭೆಯಲ್ಲಿ ಕೆಲಸ, ಶಾಲೆ, ಮರ್ಯಾದೆಯ ಮಾತು ಮೊದಲು ಬರಬೇಕಾದದ್ದೇ. ತಾಸುಗಟ್ಟಲೆ ಕಣ್ಣು ಮುಚ್ಚಿ ಕೂರುವುದು ಅಲ್ಲಿನ ರೂಢಿಯಲ್ಲ. ಮುಂಡಗೋಡಕ್ಕೂ ಹೋದೆ. 1966ರಿಂದ ಟಿಬೆಟ್ಟಿನವರು ನೆಲೆಸಿದ ಜಾಗ. ಗಂದೆನ್, ದ್ರೆಪುಂಗ್ ಮಠಗಳು ಅಲ್ಲಿ ಮತ್ತೆ ಎದ್ದಿವೆ. ಸಂಜೆ ಅಂಗಳದಲ್ಲಿ ಭಿಕ್ಷುಗಳು ತರ್ಕ ನಡೆಸುತ್ತಿದ್ದರು. ನಿಂತವರು ಎಡಗಾಲು ಎತ್ತಿ ನೆಲಕ್ಕೆ ಅಪ್ಪಳಿಸುವ ಕ್ಷಣಕ್ಕೇ ಅಂಗೈಗೆ ಅಂಗೈ ಹೊಡೆದು ಪ್ರಶ್ನೆ ಒಗೆಯುತ್ತಿದ್ದರು, ಕುಳಿತವರು ನಗುತ್ತ ಉತ್ತರಿಸುತ್ತಿದ್ದರು. ಕೈಯ ಚಲನೆ, ಕೆನ್ನೀಲಿ ಬೆರೆತ ಕೆಂಪು ಚೀವರದ ಬೀಸು, ಎಲ್ಲವನ್ನೂ ನೋಡಿದೆ. ಪ್ರಶ್ನೆ ಮಾತ್ರ ಟಿಬೆಟ್ ಭಾಷೆಯಲ್ಲಿತ್ತು.

ಆ ದಿನಗಳಲ್ಲಿ ಪಾಲಿಯ ಉದಾನ ಎಂಬ ಗ್ರಂಥದಲ್ಲಿ ಬರುವ ಮೇಘಿಯನ ಕಥೆ ನನಗೆ ಹತ್ತಿರವಾಯಿತು. ಚಾಲಿಕಾ ಬೆಟ್ಟದಲ್ಲಿ ಅವನು ಬುದ್ಧನ ಸೇವೆಯಲ್ಲಿದ್ದ. ಭಿಕ್ಷೆ ಮುಗಿಸಿ ಕಿಮಿಕಾಲಾ ನದಿಯ ದಂಡೆಗುಂಟ ಬರುವಾಗ ಒಂದು ಮಾವಿನ ತೋಪು ಕಾಣುತ್ತದೆ. ಎಷ್ಟು ಚೆನ್ನಾಗಿದೆ, ಇಲ್ಲಿ ಒಬ್ಬನೇ ಕೂರಬೇಕು ಎನಿಸುತ್ತದೆ. ಬುದ್ಧ ತಡೆಯುತ್ತಾನೆ: ಈಗ ನಾನೊಬ್ಬನೇ ಇದ್ದೇನೆ, ಇನ್ನೊಬ್ಬ ಭಿಕ್ಷು ಬರುವವರೆಗೆ ತಾಳು ಎಂಬ ಅರ್ಥದ ಮಾತು ಹೇಳುತ್ತಾನೆ. ಮೂರನೆಯ ಸಲ ಕೇಳಿದಾಗ ಬಿಡುತ್ತಾನೆ. ತೋಪಿನಲ್ಲಿ ಮರದಡಿ ಕುಳಿತ ಮೇಘಿಯನನ್ನು ಆಸೆಯ, ಹಗೆಯ, ಹಿಂಸೆಯ ಯೋಚನೆಗಳೇ ಮುತ್ತುತ್ತವೆ. ಬೆರಗಾಗಿ ಮರಳುತ್ತಾನೆ. ಮಾಗದ ಮನಸ್ಸನ್ನು ಮಾಗಿಸುವ ಐದು ಸಂಗತಿಗಳನ್ನು ಬುದ್ಧ ಆಗ ಹೇಳುತ್ತಾನೆ. ಮೊದಲನೆಯದು ಒಳ್ಳೆಯ ಸಂಗಡಿಗರು. ನನ್ನ ಮನಸ್ಸು ನಿಲ್ಲುವುದು ಒಂಟಿತನದ ಬಗ್ಗೆ ಬುದ್ಧನ ಆ ಮೊದಲ ಮಾತಿನಲ್ಲಿ. ಸ್ವತಃ ಬುದ್ಧನೇ ಇನ್ನೊಬ್ಬರು ಬರಲಿ ಎನ್ನುತ್ತಾನೆ.

2020ರ ಮಾರ್ಚ್ ಕೊನೆಯಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಾಗ, ಶಿಬಿರಗಳು ನಿಂತಾಗ, ಎಲ್ಲೆಲ್ಲೋ ಒಂಟಿಯಾಗಿ ಕೂರುತ್ತಿದ್ದವರು ಫೋನಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಪರಿಚಯದವರೊಬ್ಬರು ನನ್ನನ್ನೂ ಸೇರಿಸಿದರು. ಕನ್ನಡದಲ್ಲಿ ಮಾತಾಡುವ ಸಣ್ಣ ಗುಂಪು: ಖಾನಾಪುರದ ಶಾಲೆಯ ಸರ್, ಕಲಬುರಗಿಯ ಒಬ್ಬ ಅಜ್ಜಿ, ಮೈಸೂರಿನ ದಂಪತಿ, ಪುಣೆಯ ನರ್ಸ್, ನ್ಯೂಜೆರ್ಸಿಯಲ್ಲಿರುವ ಧಾರವಾಡದ ಹುಡುಗ. ನಮ್ಮ ಸಂಜೆ ಎಂಟಕ್ಕೆ ಅವನಲ್ಲಿ ಬೆಳಗಿನ ಹತ್ತೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ನಮ್ಮ ಚೌಕಗಳಲ್ಲಿ ಹಳದಿ ಬಲ್ಬಿನ ಬೆಳಕು, ಅವನ ಚೌಕದಲ್ಲಿ ಮಾತ್ರ ಹಗಲು; ಹಿಮ ಬಿದ್ದ ದಿನ ಅವನ ಗೋಡೆ ತುಸು ನೀಲಿಯಾಗಿರುತ್ತದೆ.

ನಾನು ಅವರನ್ನು ನೋಡಿದ್ದು ಮರ ನೋಡಿದ ಕಣ್ಣಿನಿಂದಲೇ. ಮೊದಲು ಬರುವವರು ಮೈಸೂರಿನವರು, ಹತ್ತು ನಿಮಿಷ ಮುಂಚೆ. ಖಾನಾಪುರದ ಸರ್ ಬರುವುದು ಕರೆಂಟನ್ನು ಅವಲಂಬಿಸಿದೆ. ಚೌಕ ತೆರೆದಾಗ ಮೊದಲು ಹಣೆ ಮಾತ್ರ, ಇಲ್ಲವೇ ಚಾವಣಿಯ ಫ್ಯಾನು. ಫೋನು ಅತ್ತಿತ್ತ ಸರಿಯುತ್ತದೆ, ಹಿಂದೆ ಪುಸ್ತಕ ಒತ್ತಿ ನಿಲ್ಲಿಸುತ್ತಾರೆ, ಮುಖ ಕೆಳಗೆ ಜಾರುತ್ತದೆ, ಮತ್ತೆ ನಿಲ್ಲಿಸುತ್ತಾರೆ. ಹೊಳೆಯ ನೀರು ಬಂತೇನ್ರಿ, ಮೊಣಕಾಲು ಹೇಗಿದೆ, ಮಗಳ ಪರೀಕ್ಷೆ ಆಯಿತೇ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರದು ಬೀಳುತ್ತದೆ, ಇಬ್ಬರೂ ತಡೆಯುತ್ತಾರೆ, ಇಬ್ಬರೂ ಮತ್ತೆ ಒಟ್ಟಿಗೇ ಶುರುಮಾಡುತ್ತಾರೆ. ಎಂಟಕ್ಕೆ ಮೈಸೂರಿನ ಕಂಚಿನ ಬಟ್ಟಲಿಗೆ ಕೋಲು ತಾಗುತ್ತದೆ. ಆ ನಾದ ಎಲ್ಲರನ್ನೂ ಒಂದೇ ಕ್ಷಣಕ್ಕೆ ಮುಟ್ಟುವುದಿಲ್ಲ. ಪುಣೆಯ ರೆಪ್ಪೆ ಮೊದಲು ಇಳಿಯುತ್ತದೆ, ಆಮೇಲೆ ಕಲಬುರಗಿ, ಖಾನಾಪುರದ್ದು ಎಲ್ಲರಿಗಿಂತ ಕೊನೆಗೆ. ಭುಜಗಳು ಒಂದು ಎಳೆ ಮೇಲೆದ್ದು ಕೆಳಗಾಗುತ್ತವೆ. ಯಾರೋ ನುಂಗಿದ ಉಗುಳು ಕೊರಳಲ್ಲಿ ಕಾಣುತ್ತದೆ. ಅಜ್ಜಿಯ ಸೆರಗಿನ ಅಂಚು ಉಸಿರಿಗೆ ಏರಿಳಿಯುತ್ತದೆ. ಅಷ್ಟು ನೋಡಿ ನಾನೂ ಕಣ್ಣು ಮುಚ್ಚುತ್ತೇನೆ.

ಇಲ್ಲದ್ದು ಏನೆಂಬುದೂ ಗೊತ್ತಾಗುತ್ತದೆ. ಒಂದೇ ಕೋಣೆಯಲ್ಲಿ ಕೂತವರ ಮೈಬಿಸಿ ಇಲ್ಲ, ಚಾಪೆಯ ವಾಸನೆಯಿಲ್ಲ, ಪಕ್ಕದವರು ಕಾಲು ಬದಲಿಸಿದಾಗ ನೆಲ ಕೊಡುವ ಸಣ್ಣ ಸುಳಿವಿಲ್ಲ. ಕೂಡಿ ಪಠಿಸಲು ಆಗುವುದಿಲ್ಲ, ದನಿಗಳು ಹಿಂದುಮುಂದಾಗಿ ಒಡೆದುಹೋಗುತ್ತವೆ. ಹಾಗಾಗಿ ಒಬ್ಬರು ಹೇಳುತ್ತಾರೆ, ಉಳಿದವರು ಮ್ಯೂಟ್ ಮಾಡಿ ತಮ್ಮಷ್ಟಕ್ಕೆ ತುಟಿ ಆಡಿಸುತ್ತಾರೆ. ಆದರೂ ಒಬ್ಬಳೇ ಕೂತಾಗ ಇಪ್ಪತ್ತನೆಯ ನಿಮಿಷಕ್ಕೆ ಏಳುತ್ತಿದ್ದ ತುರಿಕೆ ಇಲ್ಲೂ ಎದ್ದು, ಕೈ ಹೋಗದೆ, ಕೆನ್ನೆಯಿಂದ ಕಿವಿಯ ಬುಡದವರೆಗೆ ಹರಡಿ, ಸೂಜಿಮೊನೆಯಷ್ಟಾಗಿ, ತಾನೇ ಇಲ್ಲವಾದದ್ದನ್ನು ನಾನು ಪೂರ್ತಿ ನೋಡಿದ್ದು ಅವರ ನಡುವೆ. ಕೊನೆಯಲ್ಲಿ ಮೈಕುಗಳು ತೆರೆದಾಗ ಮೊದಲು ಬರುವುದು ಮಾತಲ್ಲ, ಊರುಗಳು. ಪುಣೆಯ ಲಿಫ್ಟಿನ ಗಂಟೆ, ನ್ಯೂಜೆರ್ಸಿಯ ಕಿಟಕಿಯಾಚೆ ಕೆಂಪು ಕಾರ್ಡಿನಲ್ ಹಕ್ಕಿಯ ಜಾರುಸಿಳ್ಳೆ, ಜುಲೈನಲ್ಲಾದರೆ ಖಾನಾಪುರದ ಹೆಂಚಿನ ಮೇಲೆ ಎಡೆಬಿಡದ ಮಳೆ ಮತ್ತು ಅದರೊಳಗೆ ಎಷ್ಟೆಂದು ಹೇಳಲಾಗದಷ್ಟು ಕಪ್ಪೆಗಳು.

ಹೀಗೆ ಮೈಕು ತೆರೆದ ಒಂದು ಸಂಜೆ ಖಾನಾಪುರದ ಸರ್ ಬಾವಲಿಗಳ ಮಾತು ತೆಗೆದರು. ಅವರ ತಾಲ್ಲೂಕಿನ ತಳೇವಾಡಿಯ ಬಳಿ, 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡದ ಕಾಡಿನಲ್ಲಿ, ಬಾರಾಪೇಡೆ ಗುಹೆಗಳಿವೆ. ಮುಂಬಯಿಯ ನಿಸರ್ಗ ಸಂಘದ ಸಸ್ತನಿ ಸಮೀಕ್ಷೆಯ ಕಾಲದಲ್ಲಿ, 1912ರಲ್ಲಿ, ಎಸ್. ಎಚ್. ಪ್ರೇಟರ್ ಅಲ್ಲಿ ಕಂಡ ಬಾವಲಿಗೆ ಮರುವರ್ಷ ಆಲ್ಡ್‌ಫೀಲ್ಡ್ ಥಾಮಸ್ ಹೆಸರಿಟ್ಟರು, ಸಮೀಕ್ಷೆಯ ಹಿಂದಿದ್ದ ರಾಟನ್ ಎಂಬುವರ ಹೆಸರು. ಕಡುಗಂದು ಮೈ, ಕೊರಳ ಹಿಂದೆ ಬೂದುಬಿಳಿಯ ಪಟ್ಟಿ, ಮುಖದ ಮುಂದಕ್ಕೆ ಚಾಚಿದ ಅಗಲ ಕಿವಿಗಳು, ಪೊರೆಯಿಂದ ಹೊರಗುಳಿದ ಬಾಲ. ಗುಹೆಯ ಚಾವಣಿಯ ಪೊಳ್ಳುಗಳಲ್ಲಿ ಮೈಗೆ ಮೈ ತಾಗಿಸಿ ತೂಗುತ್ತವೆ. ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಇಡೀ ಲೋಕದಲ್ಲಿ ಈ ಜಾತಿ ಇರುವುದು ಆ ಒಂದೇ ಕಡೆ ಎಂದು ಎಲ್ಲರೂ ತಿಳಿದಿದ್ದರು. ಆಮೇಲೆ ಕಾಂಬೋಡಿಯಾದಲ್ಲಿ ಒಂದು ಸಿಕ್ಕಿತು, ಮೇಘಾಲಯದ ಗುಹೆಗಳಲ್ಲೂ ಕಂಡವು. ಅವು ಅಲ್ಲಿ ಮೊದಲಿನಿಂದಲೂ ಇದ್ದವು. ಸರ್ ಅಷ್ಟು ಹೇಳಿ ಸುಮ್ಮನಾದರು. ನ್ಯೂಜೆರ್ಸಿಯ ಹುಡುಗ ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕುಳಿತಿದ್ದ.

ಒಂಟಿಯಾಗಿ ಕೂರುವುದರ ಬಗ್ಗೆ ಭಿಕ್ಷುಗಳ ನಿಯಮಗಳ ವಿನಯ ಗ್ರಂಥದಲ್ಲೂ ಒಂದು ಕಥೆಯಿದೆ, ಮಹಾಕಪ್ಪಿನ ಎಂಬ ಹಿರಿಯ ಭಿಕ್ಷುವಿನದು. ರಾಜಗೃಹದ ಮದ್ದಕುಚ್ಛಿಯ ಜಿಂಕೆವನದಲ್ಲಿ ಒಬ್ಬನೇ ಕುಳಿತಿದ್ದಾಗ ಅವನಿಗೊಂದು ಯೋಚನೆ: ನಾನು ಹೇಗೂ ಶುದ್ಧನಾಗಿದ್ದೇನೆ, ಉಪೋಸಥದ ದಿನ ಸಂಘದ ಸಭೆಗೆ ಹೋಗಬೇಕೋ ಬೇಡವೋ. ಬುದ್ಧ ತಾನೇ ಬಂದು, ಹೋಗು ಎನ್ನುತ್ತಾನೆ. ನಿನ್ನಂಥವರೇ ಅದನ್ನು ಗೌರವಿಸದಿದ್ದರೆ ಇನ್ಯಾರು ಎಂದು ಕೇಳುತ್ತಾನೆ. ಮಳೆಗಾಲದ ಮೂರು ತಿಂಗಳು ಒಂದೆಡೆ ನಿಂತ ಭಿಕ್ಷುಗಳು ಆಶ್ವಯುಜದ ಹುಣ್ಣಿಮೆಗೆ ಪವಾರಣೆ ಮಾಡುತ್ತಾರೆ. ನನ್ನಲ್ಲಿ ನೀವು ಏನು ಕಂಡಿರಿ, ಏನು ಕೇಳಿದಿರಿ, ಏನು ಅನುಮಾನಿಸಿದಿರಿ, ಕರುಣೆಯಿಟ್ಟು ಹೇಳಿ ಎಂದು ಹಿರಿಯ ಭಿಕ್ಷುವಿನಿಂದ ಹಿಡಿದು ಪ್ರತಿಯೊಬ್ಬರೂ ಕೈಮುಗಿದು ಕೇಳಿಕೊಳ್ಳುತ್ತಾರೆ. ನಾವು ಗೃಹಸ್ಥರು, ಅದನ್ನು ವಿಧಿಯಾಗಿ ಮಾಡುವ ಹಕ್ಕು ನಮಗಿಲ್ಲ. ಆದರೆ ಅದೇ ಹುಣ್ಣಿಮೆಯ ಸಂಜೆ ಒಬ್ಬರನ್ನೊಬ್ಬರು ಕೇಳುವ ರೂಢಿ ನಮ್ಮಲ್ಲಿ ಬೆಳೆಯಿತು.

ನನ್ನ ಸರದಿ ಬಂದಾಗ ಕಲಬುರಗಿಯ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದರು.

“ಉಸಿರು ಹೊರಗ ಹೋಗಿ ಮುಗದ ಮ್ಯಾಲ ನಿಮ್ಮ ಗದ್ದ ಜರಾ ಮ್ಯಾಲ ಏಳ್ತದ ನೋಡ್ರಿ, ಅಕ್ಕೋರೆ. ಮುಂದಿನ ಉಸಿರು ತಾನಾಗೇ ಬರ್ಲಿಕ್ಕೆ ಬಿಡವಲ್ರಿ ನೀವು.”

“ಯಾವಾಗಿಂದ ನೋಡೀರಿ?”

“ಮಳಿಗಾಲದ ಮೊದಲಿಂದನೂ ನೋಡ್ಲಿಕತ್ತೀನಿ. ಹೇಳೋ ದಿನ ಬರ್ಲಿ ಅಂತ ಸುಮ್ಮ ಇದ್ದೆ.”

ಕಣ್ಣು ಮುಚ್ಚಿಕೊಂಡೇ ಕೂರುವವರ ಗುಂಪಿನಲ್ಲಿ ಅವರು ಅಷ್ಟು ನೋಡಿದ್ದರು, ನೋಡಿದ್ದನ್ನು ಅಷ್ಟು ದಿನ ಇಟ್ಟುಕೊಂಡಿದ್ದರು. ಮರುಬೆಳಗ್ಗೆ ನಾನು ಗದ್ದವನ್ನು ಗಮನದಲ್ಲಿಟ್ಟುಕೊಂಡು ಕೂತೆ. ಹೊರಗಿನ ಉಸಿರು ತೆಳ್ಳಗಾಗಿ, ಮೇಲ್ದುಟಿಯ ಬಿಸುಪು ಆರಿ, ಮುಗಿಯಿತು. ಗದ್ದದ ಕೆಳಗಿನ ಸ್ನಾಯು ಸಣ್ಣಗೆ ಬಿಗಿಯತೊಡಗಿತು. ಬಿಟ್ಟೆ. ಏನೂ ಬರಲಿಲ್ಲ. ಹೊಟ್ಟೆಯ ಆಳದಲ್ಲಿ ಮಿಡಿತ ಮೂರು ನಾಲ್ಕು ಸಲ ಆಯಿತು, ಹೊರಗೆ ಮಡಿವಾಳ ಹಕ್ಕಿ ಒಂದು ಸಾಲು ಹಾಡಿ ನಿಲ್ಲಿಸಿತು, ಆಮೇಲೆ ತಂಪು ಎಡಹೊಳ್ಳೆಯ ಒಳಅಂಚಿನಲ್ಲಿ ಮೊದಲು ತಾಗಿತು. ಆ ನಡುವಿನ ಜಾಗ ಇಷ್ಟು ವರ್ಷವೂ ಅಲ್ಲೇ ಇದ್ದಿರಬೇಕು. ಈಗ ದಿನವೂ ಅದನ್ನೇ ನೋಡುತ್ತಿದ್ದೇನೆ. ಅದರ ಉದ್ದ ಎರಡು ಸಲ ಒಂದೇ ಇರುವುದಿಲ್ಲ, ಕೆಲವೊಮ್ಮೆ ಇರುವುದೇ ಇಲ್ಲ.

ಈ ಚಳಿಗಾಲದಲ್ಲಿ ಎಲ್ಲರೂ ಸನ್ನತಿಗೆ ಹೋಗುವುದೆಂದು ಮಾತಾಗಿದೆ. ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ ನೆಲದಡಿಯಿಂದ ಎದ್ದ ಸ್ತೂಪವಿದೆ. ಅಶೋಕನನ್ನು ಅವನ ಹೆಸರಿನೊಂದಿಗೇ ಕೆತ್ತಿದ ಚಪ್ಪಡಿ ಸಿಕ್ಕಿದ್ದು ಅಲ್ಲಿ. ಸ್ತೂಪದ ಪಕ್ಕದ ಬಯಲಲ್ಲಿ ಒಂದು ತಾಸು ಒಟ್ಟಿಗೆ ಕೂರಬೇಕು. ರೊಟ್ಟಿ, ಶೇಂಗಾ ಹಿಂಡಿ ಅಜ್ಜಿಯದು, ಜಮಖಾನೆ ನನ್ನದು, ಕಂಚಿನ ಬಟ್ಟಲು ಮೈಸೂರಿನವರು ತರುತ್ತಾರೆ. ರಜೆ ಸಿಕ್ಕರೆ ಹುಡುಗನೂ ಬರುತ್ತಾನಂತೆ. ಅವರಲ್ಲಿ ಯಾರೊಬ್ಬರೂ ಎದ್ದು ನಿಂತದ್ದನ್ನು ನಾನು ಈವರೆಗೆ ನೋಡಿಲ್ಲ. ಪರದೆಯಲ್ಲಿ ಎದೆಯವರೆಗೆ ಮಾತ್ರ ಕಾಣುತ್ತಾರೆ. ಖಾನಾಪುರದ ಸರ್ ಎತ್ತರವೋ ಗಿಡ್ಡವೋ, ಅಜ್ಜಿ ಕೈಗಳನ್ನು ಮಡಿಲಲ್ಲಿ ಇಡುತ್ತಾರೋ ಮಂಡಿಯ ಮೇಲೋ, ನಡೆಯುವಾಗ ಯಾರ ಹೆಜ್ಜೆ ಹೇಗೆ ಬೀಳುತ್ತದೋ, ಇವೆಲ್ಲ ಇನ್ನು ನೋಡಬೇಕಾದವು.